ಮದ್ದೊಂದು ಬಿಟ್ಟು ಮಿಕ್ಕಿದ್ದೆಲ್ಲ ವರ್ಗಾವಣೆ

ಗಣರಾಜ್ಯೋತ್ಸವದ ಪೆರೇಡಿನಲ್ಲಿ ಟ್ಯಾಂಕು ಬಂದಾಗ ಟೀವಿ ಮುಂದೆ ಕೂತ ನಾವು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತೇವೆ. ದಪ್ಪ ಉಕ್ಕು, ಉದ್ದ ನಳಿಗೆ, ಮೇಲೆ ನಿಂತು ಸೆಲ್ಯೂಟ್ ಹೊಡೆಯುವ ಕಮಾಂಡರ್. ಇಷ್ಟು ಭದ್ರವಾದ ಪೆಟ್ಟಿಗೆಯೊಳಗೆ ಕೂತವನಿಗೆ ಯಾರ ಭಯ ಎಂದುಕೊಳ್ಳುತ್ತೇವೆ. ಅವನಿಗೆ ಭಯ ಇರಬೇಕಾದದ್ದು ತಾನು ಕೂತಿರುವ ಜಾಗದ ಬಗ್ಗೆ. ಯುದ್ಧಕ್ಕೆ ಹೊರಟ ಟ್ಯಾಂಕಿನೊಳಗೆ ಹೆಚ್ಚುಕಡಿಮೆ ನಲವತ್ತು ಶೆಲ್ ಇರುತ್ತವೆ. ಒಂದೊಂದನ್ನೂ ನಳಿಗೆಯಿಂದಾಚೆ ನೂಕಲು ಕೆಜಿಗಟ್ಟಲೆ ಮದ್ದು ಇರುತ್ತದೆ. ಈ ಮದ್ದಿನ ಗುಣವೇ ವಿಚಿತ್ರ. ಬೇರೆ ಬೆಂಕಿಯಾದರೆ ಗಾಳಿ ತಡೆದರೆ ಆರುತ್ತದೆ. ಇದು ಮುಚ್ಚಿದ ನಳಿಗೆಯೊಳಗೆ ಉರಿಯಬೇಕಾದದ್ದು, ಆದ್ದರಿಂದ ತನಗೆ ಬೇಕಾದ ಆಮ್ಲಜನಕವನ್ನು ತನ್ನೊಳಗೇ ಕಟ್ಟಿಕೊಂಡು ಬಂದಿರುತ್ತದೆ. ಡೀಸೆಲ್ಲಿಗೆ ಹತ್ತಿದ ಬೆಂಕಿಯನ್ನು ಟ್ಯಾಂಕಿನ ಸ್ವಯಂಚಾಲಿತ ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಆರಿಸಬಲ್ಲದು. ಮದ್ದಿಗೆ ಹತ್ತಿತೆಂದರೆ ಆ ಯಂತ್ರವೂ ಕೈಮುಗಿಯುತ್ತದೆ.

ಹೀಗಾಗಿ ಟ್ಯಾಂಕಿನ ಮಟ್ಟಿಗೆ ಶತ್ರುವಿನ ಕೆಲಸ ಬಹಳ ಹಗುರ. ಒಂದು ತೂತು ಕೊರೆದು, ಒಂದು ಕಿಡಿ ಒಳಗೆ ಕಳಿಸಿದರೆ ಸಾಕು. ಮುಂದಿನ ಖರ್ಚೆಲ್ಲ ನಮ್ಮದೇ.

ಇದಕ್ಕೆ ಪರಿಹಾರ ಏನು ಎಂದು ಹೊಳೆಯಲು ಇಂಜಿನಿಯರಿಂಗ್ ಓದಿರಬೇಕಿಲ್ಲ: ಮದ್ದನ್ನು ಮನುಷ್ಯರಿಂದ ದೂರ ಇಡಬೇಕು. ಆದರೆ ಕಳೆದ ಎಂಬತ್ತು ವರ್ಷದ ಚರಿತ್ರೆ ನೋಡಿದರೆ ಒಂದು ಮಾತು ಖಚಿತವಾಗುತ್ತದೆ. ಮದ್ದಿನ ಜಾಗ ಬದಲಿಸುವುದಕ್ಕಿಂತ ತಪ್ಪಿನ ಜಾಗ ಬದಲಿಸುವುದು ಯಾವಾಗಲೂ ಅಗ್ಗ. ಟ್ಯಾಂಕು ಸ್ಫೋಟಿಸಿದಾಗಲೆಲ್ಲ ಏನೋ ಒಂದು ವರ್ಗಾವಣೆ ಆಗಿಯೇ ಆಗಿದೆ. ಕೆಲವೊಮ್ಮೆ ಅಪವಾದ, ಕೆಲವೊಮ್ಮೆ ಅಧಿಕಾರಿ, ಕೆಲವೊಮ್ಮೆ ಕಡತ. ಮದ್ದು ಮಾತ್ರ ಕೂತಲ್ಲೇ ಕೂತಿದೆ.

ಮೊದಲ ವರ್ಗಾವಣೆ ಆದದ್ದು ಎರಡನೇ ಮಹಾಯುದ್ಧದಲ್ಲಿ, ಅಮೆರಿಕದ ಶರ್ಮನ್ ಟ್ಯಾಂಕಿನ ದೆಸೆಯಿಂದ. ಏಟು ಬಿದ್ದರೆ ಸಾಕು ಧಗ್ಗನೆ ಹೊತ್ತಿಕೊಳ್ಳುತ್ತದೆ ಎಂಬ ಕೀರ್ತಿ ಅದಕ್ಕಿತ್ತು. ಅಪವಾದ ಪೆಟ್ರೋಲಿನ ತಲೆಗೆ ಬಂತು. ಪೆಟ್ರೋಲ್ ಎಂಜಿನ್ ಅಲ್ಲವೇ, ಇನ್ನೇನಾಗುತ್ತದೆ ಎಂದರು. ಅದೇ ಮೈದಾನದಲ್ಲಿ ಓಡಾಡುತ್ತಿದ್ದ ಜರ್ಮನ್ ಟ್ಯಾಂಕುಗಳೂ ಪೆಟ್ರೋಲನ್ನೇ ಕುಡಿಯುತ್ತಿದ್ದವು ಎಂಬುದು ಯಾರಿಗೂ ಅಡ್ಡಿಯಾಗಲಿಲ್ಲ. ಕೂತು ಪರಿಶೀಲಿಸಿದಾಗ ಕಂಡದ್ದು ಬೇರೆ. ಶೆಲ್‌ಗಳನ್ನು ಜೋಡಿಸಿದ್ದು ಟ್ರ್ಯಾಕುಗಳ ಮೇಲಿನ ಪಕ್ಕದ ಗೂಡುಗಳಲ್ಲಿ, ಶತ್ರುವಿನ ಗುಂಡು ಹೆಚ್ಚಾಗಿ ಬಂದು ಬೀಳುವ ಎತ್ತರದಲ್ಲೇ. ಜೊತೆಗೆ ಸಿಬ್ಬಂದಿ ಕೂಡ ಎಲ್ಲಿ ಸಂದು ಕಂಡರೆ ಅಲ್ಲಿ ಹೆಚ್ಚುವರಿ ಶೆಲ್ ತುರುಕಿಕೊಳ್ಳುತ್ತಿದ್ದರು. ಯುದ್ಧದ ನಡುವೆ ಗುಂಡು ಖಾಲಿಯಾಗುವ ಭಯ, ಗುಂಡೇ ತನ್ನನ್ನು ಮುಗಿಸೀತು ಎಂಬ ಭಯಕ್ಕಿಂತ ದೊಡ್ಡದು.

ಅಮೆರಿಕನ್ನರ ಒಂದು ಗುಣ ಮೆಚ್ಚಬೇಕು. ಹೊಗೆ ಕಣ್ಣಿಗೆ ಬಿದ್ದ ಮೇಲಾದರೂ ಲೆಕ್ಕ ಹಾಕುತ್ತಾರೆ. 1944ರಲ್ಲಿ ಶೆಲ್‌ಗಳನ್ನು ಪಕ್ಕದ ಗೂಡಿನಿಂದ ಇಳಿಸಿ ಟ್ಯಾಂಕಿನ ತಳಕ್ಕೆ ತಂದರು. ಸುತ್ತ ನೀರು ಮತ್ತು ಗ್ಲೈಕಾಲ್ ತುಂಬಿದ ಕವಚ ಕಟ್ಟಿದರು. ಗೂಡಿಗೆ ತೂತು ಬಿದ್ದರೆ ನೀರು ಸುರಿದು ಮದ್ದು ನೆನೆಯಲಿ ಎಂಬ ಲೆಕ್ಕ. 1945ರ ಸೇನಾ ಅಧ್ಯಯನದ ಪ್ರಕಾರ, ಹಳೆಯ ಜೋಡಣೆಯಲ್ಲಿ ತೂತು ಬಿದ್ದ ಶರ್ಮನ್‌ಗಳ ಪೈಕಿ ಶೇ. 60ರಿಂದ 80 ಸುಟ್ಟುಹೋಗುತ್ತಿದ್ದವು. ಹೊಸ ಜೋಡಣೆಯಲ್ಲಿ ಸುಟ್ಟದ್ದು ಶೇ. 10ರಿಂದ 15 ಮಾತ್ರ. ನೀರಿಗಿಂತ ಜಾಗ ಬದಲಿಸಿದ್ದೇ ಹೆಚ್ಚು ಕೆಲಸ ಮಾಡಿತ್ತು ಎಂಬುದು ಆಮೇಲೆ ಗೊತ್ತಾಯಿತು. ಇದರಲ್ಲಿ ರಾಕೆಟ್ ವಿಜ್ಞಾನ ಏನೂ ಇರಲಿಲ್ಲ. ಕಪಾಟು ಸರಿಸಿದ್ದರು, ಅಷ್ಟೇ.

ಅಂದರೆ ಉತ್ತರ 1945ರಲ್ಲೇ ಕಾಗದದ ಮೇಲಿತ್ತು. ಪ್ರಶ್ನೆಪತ್ರಿಕೆ ಬಯಲಾಗಿ, ಉತ್ತರವೂ ಬಯಲಾಗಿ, ಆಮೇಲೂ ಫೇಲಾಗುವುದಕ್ಕೆ ವಿಶೇಷ ಪ್ರತಿಭೆ ಬೇಕು. ಆ ಪ್ರತಿಭೆ ಸೋವಿಯತ್ ಒಕ್ಕೂಟದಲ್ಲಿ ಧಾರಾಳವಾಗಿತ್ತು.

ಅವರ ಟಿ-55 ಟ್ಯಾಂಕಿನಲ್ಲಿ ಚಾಲಕನ ಪಕ್ಕದ ಡೀಸೆಲ್ ಟ್ಯಾಂಕಿಗೇ ಗೂಡು ಕೊರೆದು ಅದರೊಳಗೆ ಶೆಲ್ ಇಟ್ಟಿದ್ದರು. ಸ್ಥಳದ ಉಳಿತಾಯ ಎಂದರೆ ಇದು. ಆಮೇಲೆ 1970ರ ದಶಕದಲ್ಲಿ ಬಂದ ಟಿ-72 ಈ ಕಲೆಯನ್ನು ಪರಾಕಾಷ್ಠೆಗೆ ಮುಟ್ಟಿಸಿತು. ಅದರೊಳಗೆ ಶೆಲ್ ತುಂಬುವ ನಾಲ್ಕನೇ ಮನುಷ್ಯನಿಲ್ಲ. ಅವನ ಬದಲು ಒಂದು ಯಂತ್ರ. ತಳದಲ್ಲಿ ಗಿರಗಿರನೆ ತಿರುಗುವ ಚಕ್ರ. ಅದರ ಸುತ್ತ 22 ಗೂಡು. ಪ್ರತಿ ಗೂಡಿನಲ್ಲಿ ಕೆಳಗೆ ಶೆಲ್, ಮೇಲೆ ಮದ್ದು. ಗುಂಡಿ ಒತ್ತಿದರೆ ಚಕ್ರ ತಿರುಗಿ, ಬೇಕಾದ ಗೂಡು ಮೇಲೆದ್ದು ಬಂದು, ಮೊದಲು ಶೆಲ್ಲನ್ನು, ಹಿಂದೆಯೇ ಮದ್ದನ್ನು ನಳಿಗೆಯೊಳಗೆ ನೂಕುತ್ತದೆ. ಮದ್ದಿನ ಕವಚವೂ ಉರಿದು ಹೋಗುವಂಥದ್ದೇ, ಬುಡದ ಲೋಹದ ಬಿಲ್ಲೆಯೊಂದು ಮಾತ್ರ ಉಳಿಯುತ್ತದೆ. ಅಚ್ಚುಕಟ್ಟಾದ ಯಂತ್ರ. ಇದರಿಂದ ಒಬ್ಬ ಸೈನಿಕ ಉಳಿತಾಯ, ಟ್ಯಾಂಕಿನ ಎತ್ತರ ಉಳಿತಾಯ, ತೂಕ ಉಳಿತಾಯ. ಅಮೆರಿಕದ ಅರವತ್ತು ಟನ್ನಿನ ಎದುರು ಇದು ನಲವತ್ತು ಚಿಲ್ಲರೆ ಟನ್. ಆ ಚಕ್ರದ ಮೇಲೆ, ಎಡಕ್ಕೆ ಗನ್ನರ್, ಬಲಕ್ಕೆ ಕಮಾಂಡರ್ ಕೂರುತ್ತಾರೆ. ಚಕ್ರದಲ್ಲಿ ಹಿಡಿಸದ ಹದಿನೇಳೋ ಇಪ್ಪತ್ತಮೂರೋ ಶೆಲ್‌ಗಳು, ಮಾದರಿ ಯಾವುದೆಂಬುದರ ಮೇಲೆ, ಸುತ್ತಮುತ್ತಲ ಸಂದುಗೊಂದುಗಳಲ್ಲಿ. ಸೆರಗಿನಲ್ಲಿ ಕೆಂಡ ಕಟ್ಟಿಕೊಂಡ ಹಾಗೆ ಎಂಬ ಮಾತನ್ನು ಉಕ್ಕಿನಲ್ಲಿ ಎರಕ ಹೊಯ್ದರೆ ಟಿ-72 ಆಗುತ್ತದೆ.

ಮದ್ದು ಹತ್ತಿದರೆ ಒತ್ತಡಕ್ಕೆ ಹೊರಬರುವ ದಾರಿ ಒಂದೇ, ಮೇಲಕ್ಕೆ. ತೋಪು ಕೂರಿಸಿದ ಟರೆಟ್, ಸುಮಾರು 12 ಟನ್ ತೂಕದ್ದು, ಮುಚ್ಚಳ ಹಾರಿದಂತೆ ಹಾರುತ್ತದೆ. ಅದರ ಜೊತೆಗೆ ಇನ್ನೇನೆಲ್ಲ ಹಾರುತ್ತದೆ ಎಂಬುದನ್ನು ಬರೆಯುವ ಅಗತ್ಯವಿಲ್ಲ.

1991ರ ಕೊಲ್ಲಿ ಯುದ್ಧದಲ್ಲಿ ಇರಾಕಿನ ಟಿ-72ಗಳ ಟರೆಟ್‌ಗಳು ಮರಳಿನಲ್ಲಿ ಬೋರಲು ಬಿದ್ದ ಚಿತ್ರಗಳನ್ನು ಜಗತ್ತೆಲ್ಲ ನೋಡಿತು. ಆಗ ಅಪವಾದ ಇರಾಕಿಗೆ ವರ್ಗಾವಣೆ ಆಯಿತು. ಅವು ರಫ್ತಿಗೆಂದು ಮಾಡಿದ ಕಳಪೆ ಮಾದರಿ, ಓಡಿಸಿದವರಿಗೆ ತರಬೇತಿ ಇರಲಿಲ್ಲ, ಕುಣಿಯಲಾರದವಳು ನೆಲ ಡೊಂಕು ಎಂದಳು ಎಂದರು. ಮಾತಿನಲ್ಲಿ ಒಂದಿಷ್ಟು ನಿಜವಿತ್ತು. ಆದರೆ 1994ರ ಡಿಸೆಂಬರ್ 31ರಂದು ಚೆಚೆನ್ಯಾದ ಗ್ರೋಝ್ನಿ ನಗರಕ್ಕೆ ನುಗ್ಗಿದ ಟ್ಯಾಂಕುಗಳು ರಷ್ಯಾದ ಸ್ವಂತ ಸೇನೆಯವು, ರಫ್ತಿನ ಮಾಲಲ್ಲ. ಎತ್ತರದ ಕಟ್ಟಡಗಳ ಮೇಲಿನಿಂದ, ನೆಲಮಾಳಿಗೆಗಳ ಕಿಂಡಿಯಿಂದ ಹಾರಿಸಿದ ರಾಕೆಟ್‌ಗಳಿಗೆ ಅವೂ ಹಾಗೆಯೇ ಸಿಡಿದವು. ಈ ಸಲ ದೂರು ಬಿದ್ದದ್ದು ಯಾವುದರ ಮೇಲೆ? ಅವುಗಳ ಪೈಕಿ ಇದ್ದ ಟಿ-80 ಟ್ಯಾಂಕಿನ ಗ್ಯಾಸ್ ಟರ್ಬೈನ್ ಎಂಜಿನ್ ಮೇಲೆ. ಇನ್ನು ಮುಂದೆ ಟರ್ಬೈನ್ ಟ್ಯಾಂಕು ಕೊಳ್ಳಬಾರದೆಂದು ಸೇನಾ ಹಿರಿಯರು ರಕ್ಷಣಾ ಸಚಿವರನ್ನು ಒಪ್ಪಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವೈದ್ಯ ಮಾಸ್ಕೋದಲ್ಲೂ ಇದ್ದಾನೆ.

ಎತ್ತಿಗೆ ಏನಾಗಿದೆ ಎಂದು ಅವರ ಇಂಜಿನಿಯರುಗಳಿಗೆ ಗೊತ್ತಿರಲಿಲ್ಲ ಎಂದುಕೊಳ್ಳಬೇಡಿ. ಮದ್ದನ್ನು ಟರೆಟ್ಟಿನ ಹಿಂಭಾಗಕ್ಕೆ ಸರಿಸಿ ಸಿಬ್ಬಂದಿಯಿಂದ ಬೇರ್ಪಡಿಸಿದ 'ಕಪ್ಪು ಹದ್ದು' ಎಂಬ ಟ್ಯಾಂಕನ್ನು 1997ರಲ್ಲಿ ಓಮ್ಸ್ಕ್ ನಗರದ ಪ್ರದರ್ಶನದಲ್ಲಿ ತೋರಿಸಿದರು. ತೋರಿಸಿದ್ದು ಹೇಗೆ? ದೂರದಿಂದ, ಟರೆಟ್ಟಿಗೆ ಮರೆಬಲೆ ಹೊದಿಸಿ. ಮದುವೆಗೆ ಒಪ್ಪಿಗೆಯಿಲ್ಲದ ಹೆಣ್ಣು ತೋರಿಸುವ ಶಾಸ್ತ್ರ. ಸಂಬಂಧ ಕುದುರಲಿಲ್ಲ, ಸೇನೆ ಅದನ್ನು ಕೊಳ್ಳಲಿಲ್ಲ. 2015ರ ಮೇ ತಿಂಗಳ ವಿಜಯದಿನದ ಪೆರೇಡಿಗೆ ಟಿ-14 ಅರ್ಮಾಟಾ ಬಂತು. ಅದರಲ್ಲಿ ಸಿಬ್ಬಂದಿಗೆ ಮುಂದೆ ಪ್ರತ್ಯೇಕ ಕವಚದ ಕೋಣೆ. ಮದ್ದಿರುವ ಟರೆಟ್ಟಿನಲ್ಲಿ ಒಬ್ಬ ಮನುಷ್ಯನೂ ಇಲ್ಲ. ಕೊನೆಗೂ ಬುದ್ಧಿ ಬಂತಲ್ಲ ಎನ್ನುವಷ್ಟರಲ್ಲಿ ರಿಹರ್ಸಲ್ ದಿನವೇ ಅದು ರೆಡ್ ಸ್ಕ್ವೇರಿನಲ್ಲಿ ನಿಂತುಬಿಟ್ಟಿತು. ಮುಂದೆ, ಅದನ್ನು ತಯಾರಿಸುವ ಕಂಪನಿಯ ಮಾತೃಸಂಸ್ಥೆಯ ಮುಖ್ಯಸ್ಥರೇ 2024ರಲ್ಲಿ, ಇದು ಬಹಳ ದುಬಾರಿ, ಸೇನೆಗೆ ಟಿ-90 ಕೊಳ್ಳುವುದೇ ಸಲೀಸು ಎಂದರು. ಜಗತ್ತಿನ ಅತ್ಯಂತ ಸುರಕ್ಷಿತ ಟ್ಯಾಂಕು ಎಂದರೆ ಇದೇ ಇರಬೇಕು, ಯುದ್ಧಕ್ಕೇ ಹೋಗುವುದಿಲ್ಲ. ಉಕ್ರೇನಿನ ಬಯಲಿಗೆ ಹೋದವರು ಮಾತ್ರ ಹಳೆಯ ಚಕ್ರದ ಮೇಲೆ ಕೂತೇ ಹೋದರು. ಮೇಲಿನಿಂದ ಬೀಳುವ ಏಟು ತಡೆಯಲೆಂದು ಅವರ ಟ್ಯಾಂಕುಗಳ ಮೇಲೊಂದು ಕಬ್ಬಿಣದ ಚಪ್ಪರ ಬಂತು. ಅಪಾಯ ಕುಂಡಿಯ ಕೆಳಗಿದ್ದರೆ ನೆತ್ತಿಯ ಮೇಲೆ ನೆರಳು!

ಹಾಗಾದರೆ ಸರಿಯಾದ ಜೋಡಣೆ ಹೇಗಿರುತ್ತದೆ? 1980ರಲ್ಲಿ ಸೇನೆಗೆ ಸೇರಿದ ಅಮೆರಿಕದ ಏಬ್ರಾಮ್ಸ್ ಟ್ಯಾಂಕಿನಲ್ಲಿ ಬಹುಪಾಲು ಶೆಲ್‌ಗಳು ಟರೆಟ್ಟಿನ ಬೆನ್ನಿಗೆ ಅಂಟಿಕೊಂಡ ಪೆಟ್ಟಿಗೆಯಲ್ಲಿರುತ್ತವೆ. ಪೆಟ್ಟಿಗೆಗೂ ಸಿಬ್ಬಂದಿಗೂ ನಡುವೆ ಉಕ್ಕಿನ ಜಾರುಬಾಗಿಲು. ಶೆಲ್ ತುಂಬುವ ಲೋಡರ್ ಮೊಣಕಾಲಿನಿಂದ ಒಂದು ಸ್ವಿಚ್ ಒತ್ತಿದರೆ ಬಾಗಿಲು ಸರಿಯುತ್ತದೆ, ಶೆಲ್ಲನ್ನು ಸೆಳೆದುಕೊಂಡು ಮೊಣಕಾಲು ತೆಗೆದರೆ ಮುಚ್ಚಿಕೊಳ್ಳುತ್ತದೆ. ಪೆಟ್ಟಿಗೆಯ ಚಾವಣಿಯನ್ನು ಬೇಕೆಂದೇ ದುರ್ಬಲವಾಗಿ ಮಾಡಿರುತ್ತಾರೆ. ಒಳಗೆ ಮದ್ದು ಹೊತ್ತಿಕೊಂಡರೆ ಚಾವಣಿಯ ಹಲಗೆಗಳು ಹಾರಿ ಬೆಂಕಿ ಆಕಾಶಕ್ಕೆ ಹೋಗುತ್ತದೆ, ಬಾಗಿಲಿನ ಈಚೆ ಕೂತವರು ಇಳಿದು ಓಡುತ್ತಾರೆ. ಗ್ಯಾಸ್ ಸಿಲಿಂಡರನ್ನು ಗೋಡೆಯಾಚೆ ಇಟ್ಟು ಅಡುಗೆಮನೆಗೆ ಪೈಪು ಎಳೆದುಕೊಳ್ಳುವ ನಮ್ಮ ಗೃಹಿಣಿಯ ತರ್ಕವೇ ಇದೂ. ಅವಳಿಗೆ ಟೆಂಡರ್ ಕಮಿಟಿಯ ಕಾಟವಿಲ್ಲ, ಅದಕ್ಕೇ ಬೇಗ ಹೊಳೆಯಿತು.

ಇಷ್ಟು ಓದಿ, ಅಮೆರಿಕನ್ನರು ಬುದ್ಧಿವಂತರು, ರಷ್ಯನ್ನರು ದಡ್ಡರು ಎಂದು ಷರಾ ಬರೆಯಲು ಹೊರಟವರು ಪೆನ್ನು ಕೆಳಗಿಡಬೇಕು. ಏಬ್ರಾಮ್ಸ್ ಕಟ್ಟಿದ ಅದೇ ಅಮೆರಿಕನ್ ಸೇನೆ, ಅದೇ ಹೊತ್ತಿನಲ್ಲಿ ಬ್ರಾಡ್ಲಿ ಎಂಬ ಇನ್ನೊಂದು ಬಂಡಿಯನ್ನೂ ಕಟ್ಟಿತು. ಅಲ್ಯೂಮಿನಿಯಂ ಮೈಯ ಬಂಡಿ. ಒಳಗೆ ಮೂವರು ಸಿಬ್ಬಂದಿ, ಅವರ ಹಿಂದೆ ಒತ್ತೊತ್ತಾಗಿ ಕೂತ ಆರೇಳು ಕಾಲಾಳುಗಳು. ಅವರ ತೊಡೆ, ಬೆನ್ನು, ಪಾದ ತಾಗುವ ಹಾಗೆ 25 ಮಿಮೀ ತೋಪಿನ 900 ಗುಂಡು, ಟ್ಯಾಂಕು ಹೊಡೆಯುವ ಟೋ ಕ್ಷಿಪಣಿಗಳು, ನೂರಾರು ಲೀಟರ್ ಡೀಸೆಲ್. ಇದಕ್ಕೆ ಏಟು ಬಿದ್ದರೆ ಏನಾಗುತ್ತದೆ ಎಂದು ಒಬ್ಬ ಅಧಿಕಾರಿಗೆ ಕುತೂಹಲ ಹುಟ್ಟಿತು. ಹೆಸರು ಕರ್ನಲ್ ಜೇಮ್ಸ್ ಬರ್ಟನ್, ವಾಯುಪಡೆಯವರು, ಪೆಂಟಗನ್ನಿನಲ್ಲಿ ಶಸ್ತ್ರಾಸ್ತ್ರ ಪರೀಕ್ಷೆ ನೋಡಿಕೊಳ್ಳುತ್ತಿದ್ದವರು. ಅವರು ಕೇಳಿದ್ದು ಇಷ್ಟೇ: ಯುದ್ಧಕ್ಕೆ ಹೋಗುವಾಗ ಏನೇನು ತುಂಬುತ್ತೀರೋ ಅದನ್ನೆಲ್ಲ ತುಂಬಿ, ಶತ್ರುವಿನ ಹತ್ತಿರ ಇರುವಂಥದ್ದೇ ಆಯುಧದಿಂದ ಹೊಡೆದು ನೋಡೋಣ.

ಆಗ ನಡೆದ ಪರೀಕ್ಷೆಗಳ ಬಗ್ಗೆ ಬರ್ಟನ್ ಆಮೇಲೆ 1993ರಲ್ಲಿ 'ದಿ ಪೆಂಟಗನ್ ವಾರ್ಸ್' ಎಂಬ ಪುಸ್ತಕ ಬರೆದರು. ಅವರ ಆರೋಪದ ಪ್ರಕಾರ ಸೇನೆ ಇಂಧನದ ಟ್ಯಾಂಕಿಗೆ ನೀರು ತುಂಬಿತ್ತು, ಮದ್ದುಗುಂಡಿನ ಜಾಗದಲ್ಲಿ ಸಿಡಿಯದ ಡಮ್ಮಿ ಇಟ್ಟಿತ್ತು, ಹೊಡೆಯಲು ರೊಮೇನಿಯಾದಲ್ಲಿ ತಯಾರಾದ ಕಮ್ಮಿ ಶಕ್ತಿಯ ರಾಕೆಟ್ ಆರಿಸಿಕೊಂಡಿತ್ತು. ಹಂತಹಂತವಾಗಿ ಪರೀಕ್ಷಿಸಬೇಕು, ಒಂದೇ ಏಟಿಗೆ ಇಡೀ ಬಂಡಿ ಸುಟ್ಟರೆ ಏನೂ ಕಲಿತಂತಾಗುವುದಿಲ್ಲ ಎಂಬುದು ಸೇನೆಯ ಸಮಜಾಯಿಷಿ. ಇದೇ ಪರೀಕ್ಷೆ ನಮ್ಮ ಕಡೆಯ ಯಾವುದಾದರೂ ಕಚೇರಿಯ ಉಸ್ತುವಾರಿಯಲ್ಲಿ ನಡೆದಿದ್ದರೆ ಮಾತುಕತೆ ಹೀಗಿರುತ್ತಿತ್ತು.

"ಸಾರ್, ಬಂಡಿಗೆ ಡೀಸೆಲ್ ಹಾಕಿಸ್ಲಾ?"

"ಬೇಡಪ್ಪ, ನೀರು ಹಾಕ್ಸು."

"ಯಾಕ್ ಸಾರ್?"

"ಡೀಸೆಲ್ ಹಾಕಿದ್ರೆ ಬೆಂಕಿ ಹತ್ಕೊಳುತ್ತೆ."

"ಹತ್ಕೊಳುತ್ತಾ ಇಲ್ವಾ ಅಂತ ನೋಡೋಕೇ ಅಲ್ವಾ ಸಾರ್ ಪರೀಕ್ಷೆ?"

"ಇಲ್ಲಿ ಹತ್ಕೊಂಡ್ರೆ ಬಂಡಿ ಹಾಳಾಗುತ್ತೆ, ಆಡಿಟ್‌ನೋರು ಕೇಳ್ತಾರೆ. ಯುದ್ಧದಲ್ಲಿ ಹತ್ಕೊಂಡ್ರೆ ಯಾರೂ ಕೇಳಲ್ಲ. ಹೋಗು, ನಲ್ಲಿ ತಿರುಗ್ಸು."

ನೀರು ತುಂಬಿದ ಬಂಡಿಗೆ ಬೆಂಕಿ ಹತ್ತುವುದಿಲ್ಲ ಎಂಬ ಮಹತ್ವದ ವೈಜ್ಞಾನಿಕ ಸತ್ಯ ಹೀಗೆ ಸಾಬೀತಾಗುತ್ತದೆ. ಇನ್ನು ಕೊಸರಾಡುವ ಕರ್ನಲ್. ಅವರಿಗೆ ಸಿಕ್ಕಿದ್ದು ಕರ್ನಾಟಕದ ಯಾವ ತಾಲ್ಲೂಕು ಕಚೇರಿಯವನಿಗೂ ಅಪರಿಚಿತವಲ್ಲದ ಔಷಧ: ಎತ್ತಂಗಡಿ. ನಮ್ಮಲ್ಲಿ ಬೇಡದ ಅಧಿಕಾರಿಯನ್ನು ಬಹಳ ಎಂದರೆ ಜಿಲ್ಲೆ ದಾಟಿಸುತ್ತಾರೆ. ಅಮೆರಿಕ ದೊಡ್ಡ ದೇಶ, ಅಲ್ಲಿ ಅಲಾಸ್ಕಾ ಇದೆ. 1984ರಲ್ಲಿ ಬರ್ಟನ್ನರಿಗೆ ಆ ಹಿಮದ ಸೀಮೆಗೆ ವರ್ಗಾವಣೆ ಎಂದಾಯಿತು. ಬಂಡಿಯೊಳಗಿನ ಕ್ಷಿಪಣಿಯನ್ನು ನಾಲ್ಕು ಅಡಿ ಸರಿಸಲು ಒಲ್ಲದ ವ್ಯವಸ್ಥೆ, ಅದರ ಬಗ್ಗೆ ಕೇಳಿದ ಮನುಷ್ಯನನ್ನು ಸಾವಿರಾರು ಮೈಲಿ ಸರಿಸಲು ತಯಾರಾಗಿತ್ತು. ಸಂಸದರು ಗಲಾಟೆ ಎಬ್ಬಿಸಿದ್ದರಿಂದ ಆದೇಶ ವಾಪಸಾಯಿತು. ಬರ್ಟನ್ 1986ರಲ್ಲಿ ನಿವೃತ್ತರಾದರು. ಅಷ್ಟರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ವಾಸನೆ ಬಡಿದಿತ್ತು. 1987ರ ರಕ್ಷಣಾ ವೆಚ್ಚದ ಕಾಯ್ದೆಯಲ್ಲೇ ಒಂದು ಕಲಮು ಸೇರಿಸಿತು. ಸೈನಿಕರು ಕೂತು ಹೋಗುವ ಇಂಥ ಬಂಡಿಗಳನ್ನು ರಾಶಿಗಟ್ಟಲೆ ತಯಾರಿಸುವ ಮೊದಲು, ಇಂಧನ ಮತ್ತು ಮದ್ದುಗುಂಡು ತುಂಬಿ, ನಿಜವಾಗಿ ಹೊಡೆದು ಪರೀಕ್ಷಿಸಬೇಕು.

ನಿಜವಾಗಿ ಹೊಡೆದಾಗ ಎಲ್ಲೆಲ್ಲಿ ತೊಂದರೆ ಎಂದು ನಿಜವಾಗಿ ಗೊತ್ತಾಯಿತು. ಬ್ರಾಡ್ಲಿಯ ಮುಂದಿನ ಮಾದರಿಯಲ್ಲಿ ಕವಚ ಹೆಚ್ಚಿತು, ಒಳಗೋಡೆಗೆ ಚೂರುಗಳನ್ನು ತಡೆಯುವ ಪದರ ಬಂತು, ಮದ್ದುಗುಂಡಿನ ಜೋಡಣೆ ಬದಲಾಯಿತು. ಮದ್ದು ಮತ್ತು ಡೀಸೆಲ್ಲನ್ನು ಬಂಡಿಯ ಹೊರಗೇ ಇಡುವ ಇನ್ನೊಂದು ವಿನ್ಯಾಸವನ್ನೂ ಪರೀಕ್ಷೆಗೆ ಕಟ್ಟಿದ್ದರು. ಅದು ಪರೀಕ್ಷೆಯಾಚೆ ಹೋಗಲಿಲ್ಲ. ಈ ಪ್ರಕರಣದ ಮೇಲೆ 1998ರಲ್ಲಿ ಒಂದು ಹಾಸ್ಯಚಿತ್ರ ಬಂತು. ಚಿತ್ರಕಥೆ ಬರೆದವರಿಗೆ ಹೆಚ್ಚು ಶ್ರಮ ಬಿದ್ದಿರಲಾರದು.

ಜರ್ಮನಿಯ ಲೆಪರ್ಡ್-2ರ ಕಡೆಗೂ ಒಂದು ನೋಟ ಹಾಯಿಸಿಬಿಡೋಣ, ಪಕ್ಷಪಾತ ಬೇಡ. ಹಾರುವ ಹಲಗೆಯ ಪೆಟ್ಟಿಗೆಯಲ್ಲಿ 15 ಶೆಲ್. ಉಳಿದ 27? ಚಾಲಕನ ಎಡಪಕ್ಕ, ಒಡಲೊಳಗೆ, ಅಂಥ ಯಾವ ಏರ್ಪಾಡೂ ಇಲ್ಲದೆ. ಮುಂದಿನಿಂದ ಬರುವ ಶತ್ರುವಿಗೆ ಅದು ಸುಲಭವಾಗಿ ಸಿಗುವುದಿಲ್ಲ ಎಂಬುದು ಧೈರ್ಯ. 2016ರ ಡಿಸೆಂಬರಿನಲ್ಲಿ ಸಿರಿಯಾದ ಅಲ್-ಬಾಬ್ ಬಳಿ ಐಸಿಸ್‌ನವರು ಈ ಸಜ್ಜನಿಕೆಯನ್ನು ಪಾಲಿಸಲಿಲ್ಲ. ಟರ್ಕಿಯ ಲೆಪರ್ಡುಗಳ ಟರೆಟ್‌ಗಳೂ ಕಳಚಿ ಬಿದ್ದ ಚಿತ್ರಗಳು ಬಂದವು. ಆಗಲೂ ವಿವರಣೆ ಸಿದ್ಧವಿತ್ತು. ಟರ್ಕಿಯವರಿಗೆ ಟ್ಯಾಂಕು ಬಳಸಲು ಬರುವುದಿಲ್ಲ!

ಈಗ ನಮ್ಮ ಮನೆಯ ವಿಷಯ. ಭಾರತೀಯ ಸೇನೆಯ ಟ್ಯಾಂಕು ದಳದ ಬೆನ್ನೆಲುಬು ಟಿ-72 ಮತ್ತು ಟಿ-90. ಎರಡರಲ್ಲೂ ಅದೇ 22 ಗೂಡಿನ ಚಕ್ರ. ನಾವು ಬದಲಿಸಿದ್ದು ಹೆಸರನ್ನು. ಟಿ-72ಕ್ಕೆ 'ಅಜೇಯ' ಎಂದಿಟ್ಟೆವು, ಟಿ-90ಕ್ಕೆ 'ಭೀಷ್ಮ' ಎಂದು. ಈ ಎರಡನೇ ಹೆಸರು ಸೂಚಿಸಿದವರು ಮಹಾಭಾರತವನ್ನು ಕೊನೆಯವರೆಗೆ ಓದಿದ್ದರೆ ಅವರ ಪ್ರಾಮಾಣಿಕತೆಗೆ ನಮಸ್ಕಾರ. ಕೆಳಗೆ ಬಾಣಗಳ ಹಾಸು, ಮೇಲೆ ಯೋಧ. ಒಂದೇ ವ್ಯತ್ಯಾಸ, ಪಿತಾಮಹನಿಗೆ ಇಚ್ಛಾಮರಣದ ವರ ಇತ್ತು. ನಮ್ಮ ಸಿಬ್ಬಂದಿಗೆ ಅದನ್ನು ಮಂಜೂರು ಮಾಡಿದ ಆದೇಶ ಇಲ್ಲ.

ಹಾಗಂತ ನಮ್ಮ ಇಂಜಿನಿಯರುಗಳಿಗೂ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಚೆನ್ನೈ ಬಳಿಯ ಆವಡಿಯಲ್ಲಿ ಡಿಆರ್‌ಡಿಒ ರೂಪಿಸಿದ ಅರ್ಜುನ್ ಟ್ಯಾಂಕಿನಲ್ಲಿ ಶೆಲ್‌ಗಳು ಡಬ್ಬಿಗಳಲ್ಲಿರುತ್ತವೆ, ಸ್ಫೋಟವನ್ನು ಹೊರಗೆ ಬಿಡುವ ಹಲಗೆಗಳಿವೆ. ಮಾರ್ಕ್-1ಎ ಮಾದರಿಗೆಂದು ಒಂದೊಂದು ಶೆಲ್ಲಿಗೂ ಪ್ರತ್ಯೇಕ ಕದವಿರುವ ಕಪಾಟನ್ನೂ ಮಾಡಿದ್ದಾರೆ. ಆದರೆ ಅರ್ಜುನ್ ದಪ್ಪ. ಮೊದಲ ಮಾದರಿ 58 ಟನ್ ದಾಟಿತು, ಮಾರ್ಕ್-1ಎ 68 ಟನ್. ಸೇತುವೆ ತಾಳುವುದಿಲ್ಲ, ರೈಲಿನಲ್ಲಿ ಸಾಗಿಸುವುದು ಕಷ್ಟ ಎಂಬ ಆಕ್ಷೇಪಗಳು ಬಂದವು. ಎಲ್ಲವೂ ಸುಳ್ಳಲ್ಲ; ಪಂಜಾಬಿನ ಕಾಲುವೆಗಳ ಮೇಲಿನ ಸೇತುವೆಗಳನ್ನು ಯಾರೂ ಡಿಆರ್‌ಡಿಒವನ್ನು ಕೇಳಿ ಕಟ್ಟಿದ್ದಲ್ಲ. ಲೆಕ್ಕ ಮಾತ್ರ ನೋಡಿ. 2019ರಲ್ಲಿ 464 ಹೊಸ ಭೀಷ್ಮಗಳಿಗೆ ಬೇಡಿಕೆ ಹೋಯಿತು. ಅರ್ಜುನ್ ಮಾರ್ಕ್-1ಎ ಟ್ಯಾಂಕಿಗೆ 2021ರಲ್ಲಿ ಸಿಕ್ಕ ಬೇಡಿಕೆ 118.

ಈ ಎಲ್ಲ ದೇಶಗಳ ಟೆಂಡರ್ ಕಾಗದಗಳಲ್ಲಿ ಕಾಲಂಗಳು ಧಾರಾಳವಾಗಿರುತ್ತವೆ. ಎತ್ತರ ಎಷ್ಟು, ತೂಕ ಎಷ್ಟು, ವೇಗ ಎಷ್ಟು, ಎಷ್ಟು ಶೆಲ್ ಹಿಡಿಸುತ್ತದೆ, ನಿಮಿಷಕ್ಕೆ ಎಷ್ಟು ಹಾರಿಸುತ್ತದೆ, ಬೆಲೆ ಎಷ್ಟು. ಮದ್ದು ಹತ್ತಿಕೊಂಡ ಮೇಲೆ ಎಷ್ಟು ಜನ ತಮ್ಮ ಕಾಲ ಮೇಲೆ ಇಳಿದು ಬರುತ್ತಾರೆ ಎಂಬ ಕಾಲಂ ಬಹಳ ಸಲ ಇರುವುದಿಲ್ಲ, ಇದ್ದರೂ ಕೊನೆಯಲ್ಲಿರುತ್ತದೆ. ತೂಕ ಹತ್ತು ಟನ್ ಇಳಿದರೆ ಅದು ಕೊಟೇಶನ್ನಿನಲ್ಲೇ ಕಾಣುತ್ತದೆ, ಒಬ್ಬ ಗನ್ನರ್ ಬದುಕಿದರೆ ಅದು ಯುದ್ಧ ಆದಮೇಲೆ ಕಾಣುತ್ತದೆ. ಅಷ್ಟರಲ್ಲಿ ಸಹಿ ಹಾಕಿದವರು ಬಡ್ತಿ ಪಡೆದೋ ನಿವೃತ್ತರಾಗಿಯೋ ಬೇರೆ ಕಡೆ ಇರುತ್ತಾರೆ. ಒಬ್ಬ ನುರಿತ ಟ್ಯಾಂಕು ಯೋಧನನ್ನು ತಯಾರು ಮಾಡಲು ವರ್ಷಗಳು ಬೇಕು, ಟ್ಯಾಂಕು ಕಾರ್ಖಾನೆಯಿಂದ ಬರುತ್ತದೆ ಎಂಬ ಶುದ್ಧ ಜಿಪುಣನ ಲೆಕ್ಕಕ್ಕಾದರೂ ಬೆಲೆ ಬರಬೇಕಿತ್ತು. ಮಾನವೀಯತೆಯ ಮಾತು ಬಿಡಿ, ಅದಕ್ಕೆ ಬಜೆಟ್ಟಿನಲ್ಲಿ ಲೆಕ್ಕಶೀರ್ಷಿಕೆಯೇ ಇಲ್ಲ.

ನಮ್ಮ ಸೇನೆ ಈಗ ಟಿ-72ಗಳ ಜಾಗಕ್ಕೆ ಹೊಸ ತಲೆಮಾರಿನ ಟ್ಯಾಂಕು ತರುವ ತಯಾರಿಯಲ್ಲಿದೆ. ಒಳ್ಳೆಯ ಹೆಸರನ್ನು ಆಮೇಲೆ ಪುರಾಣದಿಂದ ಆರಿಸಿಕೊಳ್ಳಬಹುದು, ಅವಸರವಿಲ್ಲ. ಬೆಲೆಯಲ್ಲಿ ಚೌಕಾಸಿ ಮಾಡಿ, ತೂಕದಲ್ಲಿ ಜಗಳವಾಡಿ, ಕಮಿಟಿ ಮೇಲೆ ಕಮಿಟಿ ಕೂರಿಸಿ, ಪ್ರಶ್ನೆ ಕೇಳಿದವನನ್ನು ಬೇಕಾದರೆ ಅಲಾಸ್ಕಾದ ಬದಲು ಅಂಡಮಾನಿಗೆ ಕಳಿಸಿ. ಹೊಡೆದು ಪರೀಕ್ಷಿಸುವ ದಿನ ಮಾತ್ರ ಡೀಸೆಲ್ಲಿನ ಜಾಗಕ್ಕೆ ಡೀಸೆಲ್ಲನ್ನೇ ತುಂಬಿ, ಮದ್ದಿನ ಜಾಗಕ್ಕೆ ಮದ್ದನ್ನೇ ಇಡಿ. ಆ ಟ್ಯಾಂಕು ಸುಟ್ಟರೆ ಸುಡಲಿ. ಆಡಿಟ್‌ನವರು ಕೇಳಿದರೆ, ಒಳಗೆ ಯಾರೂ ಇರಲಿಲ್ಲ ಎಂದು ಷರಾ ಬರೆದು ಕಡತ ಮುಚ್ಚಬಹುದು.